ಆಟಿಸಂ ಇರುವ ಮಗು ಮತ್ತು ಮನೆಯ ಕಂಪ್ಯೂಟರು: ರಂಪವಿಲ್ಲದೆ ನಿಲ್ಲಿಸುವ ಬಗೆ

ಕಂಪ್ಯೂಟರಿನ ಮುಂದೆ ಕೂತಿರುವಷ್ಟು ಹೊತ್ತು ಮಗು ತನ್ನ ಪಾಡಿಗೆ ಇರುತ್ತದೆ. ರಂಪ ಶುರುವಾಗುವುದು ಎಬ್ಬಿಸುವಾಗ. ಆದ್ದರಿಂದ ದಿನಕ್ಕೆ ಎಷ್ಟು ಗಂಟೆ ಎಂದು ಲೆಕ್ಕ ಹಾಕುವ ಮೊದಲು, ಆಟ ಮುಗಿಯುವ ರೀತಿಯನ್ನು ಸರಿಮಾಡಿಕೊಳ್ಳಿ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವುದೇ ದೊಡ್ಡ ಕಷ್ಟ. ಕಂಪ್ಯೂಟರಾದರೋ ಅದೇ ಗುಂಡಿಗೆ ಪ್ರತಿಸಲ ಅದೇ ಉತ್ತರ ಕೊಡುತ್ತದೆ, ಮುಖ ನೋಡಿ ಮಾತಾಡು ಎನ್ನುವುದಿಲ್ಲ, ದನಿ ಏರಿಸುವುದಿಲ್ಲ. ಅಂಥ ನೆಮ್ಮದಿಯಿಂದ ಒಮ್ಮೆಲೇ ಎಳೆದು ತಂದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಮೊದಲ ಏಳು ದಿನ ಏನನ್ನೂ ಬದಲಿಸಬೇಡಿ, ಬರೆದಿಡಿ. ಒಂದು ನೋಟ್‌ಬುಕ್, ನಾಲ್ಕು ಕಾಲಂ: ಮಗು ಏನು ನೋಡುತ್ತಿತ್ತು ಅಥವಾ ಆಡುತ್ತಿತ್ತು, ಯಾರು, ಹೇಗೆ ನಿಲ್ಲಿಸಿದರು, ಆಗ ಏನಾಯಿತು, ಆಮೇಲೆ ಮಗುವಿಗೆ ಏನು ಸಿಕ್ಕಿತು. ಕೊನೆಯ ಕಾಲಂ ತುಂಬುವಾಗ ನಮಗೇ ಮುಜುಗರವಾಗುತ್ತದೆ, ಆದರೂ ಸುಳ್ಳು ಬರೆಯಬಾರದು. ಕಿರುಚಿದ ಮೇಲೆ ಹತ್ತು ನಿಮಿಷ ಹೆಚ್ಚು ಸಿಕ್ಕಿದ್ದರೆ, ಕಿರುಚುವುದಕ್ಕೆ ಆವತ್ತು ಕೂಲಿ ಸಂದಿದೆ ಎಂದೇ ಅರ್ಥ. ವಾರದ ಕೊನೆಗೆ ನೋಡಿದರೆ ಬಹಳ ಸಲ ಒಂದೇ ಆಟ, ಒಂದೇ ಹೊತ್ತು, ಇಲ್ಲವೇ ನಿಲ್ಲಿಸುವ ಒಂದೇ ಧಾಟಿ ಮತ್ತೆಮತ್ತೆ ಕಾಣುತ್ತದೆ. ಅಲ್ಲಿಂದ ಶುರುಮಾಡಿ.

ಕೊನೆ ಕಣ್ಣಿಗೆ ಕಾಣಬೇಕು

"ಇನ್ನು ಐದು ನಿಮಿಷ" ಎಂಬ ಮಾತಿಗೆ ಆಕಾರವಿಲ್ಲ. ಅದರ ಮೇಲೆ ದೊಡ್ಡವರ ಐದು ನಿಮಿಷ ಒಮ್ಮೆ ಎರಡಾಗುತ್ತದೆ, ಒಮ್ಮೆ ಇಪ್ಪತ್ತಾಗುತ್ತದೆ. ಅದನ್ನು ಮಗು ಗಮನಿಸಿರುತ್ತದೆ. ವಿಡಿಯೊ ನೋಡುವ ಮಗುವಿಗೆ ನಿಮಿಷ ಬಿಟ್ಟು ವಿಡಿಯೊ ಎಣಿಸಿ: "ಇನ್ನು ಎರಡು". ಇದು ನಡೆಯಬೇಕಾದರೆ ಯೂಟ್ಯೂಬ್‌ನ ಆಟೋಪ್ಲೇ ಆಫ್ ಇರಬೇಕು, ಇಲ್ಲದಿದ್ದರೆ ಎರಡು ಮುಗಿಯುವುದರೊಳಗೆ ಮೂರನೆಯದು ಓಡುತ್ತಿರುತ್ತದೆ. ಇನ್ನೂ ಗಟ್ಟಿಯಾದ ದಾರಿ, ಯೂಟ್ಯೂಬ್ ಕಿಡ್ಸ್‌ನಲ್ಲಿ ನೀವು ಒಪ್ಪಿದ ವಿಡಿಯೊಗಳು ಮಾತ್ರ ಕಾಣುವ ಆಯ್ಕೆ. ಪಟ್ಟಿಗೊಂದು ತುದಿ ಇದೆ ಎಂಬುದೇ ಕೆಲವು ಮಕ್ಕಳಿಗೆ ಸಮಾಧಾನ.

ಆಟಗಳಲ್ಲಿ ಎರಡು ಜಾತಿ. ಹಂತಗಳಿರುವ ಆಟವಾದರೆ ಹಂತ ಮುಗಿದಾಗ ನಿಲ್ಲಿಸಿ. ಮೈನ್‌ಕ್ರಾಫ್ಟ್‌ನಂಥ ಕಟ್ಟುವ ಆಟಕ್ಕೆ ಕೊನೆಯೇ ಇಲ್ಲ. ಅಲ್ಲಿ ಟೈಮರ್ ಬೇಕೇಬೇಕು. ಅಂಕಿ ಇಳಿಯುವ ಟೈಮರಿಗಿಂತ, ಬಣ್ಣದ ಭಾಗ ಕರಗುತ್ತಾ ಬರುವ ಟೈಮರ್ ಅಥವಾ ಮರಳು ಗಡಿಯಾರ ಚಿಕ್ಕ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಅದನ್ನು ಪರದೆಯ ಪಕ್ಕ, ದಿನವೂ ಅದೇ ಜಾಗದಲ್ಲಿಡಿ. ಶುರು ಮಾಡುವ ಗುಂಡಿಯನ್ನು ಮಗುವೇ ಒತ್ತಲಿ. ಹತ್ತು ನಿಮಿಷ ಉಳಿದಾಗೊಮ್ಮೆ, ಎರಡು ನಿಮಿಷ ಉಳಿದಾಗೊಮ್ಮೆ ಅದೇ ಮಾತಿನಲ್ಲಿ ಹೇಳಿ, ಅಷ್ಟು ಸಾಕು. ಮುನ್ಸೂಚನೆ ಕೊಟ್ಟ ಗಳಿಗೆಯಿಂದಲೇ ಆತಂಕ ಶುರುವಾಗುವ ಮಕ್ಕಳೂ ಇದ್ದಾರೆ. ಅವರಿಗೆ ಎರಡು ನಿಮಿಷದ್ದೊಂದೇ ಇರಲಿ. ಟೈಮರನ್ನು ಮುಂದಕ್ಕೂ ತಿರುಗಿಸಬೇಡಿ, ಶಿಕ್ಷೆಗೆಂದು ಹಿಂದಕ್ಕೂ ತಿರುಗಿಸಬೇಡಿ. ಒಮ್ಮೆ ಕೈ ಹಾಕಿದರೆ ಅದು ಟೈಮರಾಗಿ ಉಳಿಯುವುದಿಲ್ಲ, ಚೌಕಾಸಿಯ ವಸ್ತುವಾಗುತ್ತದೆ.

ಮುಚ್ಚುವ ಕೆಲಸ ಮಗುವಿನ ಕೈಯಿಂದಲೇ ಆಗಲಿ. ಪರದೆಯ ಕೆಳಗೆ ನಾಲ್ಕು ಚಿತ್ರ ಅಂಟಿಸಿ: ಸೇವ್ ಮಾಡು, ಕಿಟಕಿ ಮುಚ್ಚು, ಶಟ್‌ಡೌನ್ ಮಾಡು, ಹೆಡ್‌ಫೋನ್ ಕೊಕ್ಕೆಗೆ ಹಾಕು. ಸೇವ್ ಆಗದೆ ಆರಿಹೋದರೆ ಮಗುವಿನ ಲೆಕ್ಕದಲ್ಲಿ ಅಷ್ಟು ಹೊತ್ತಿನ ದುಡಿಮೆ ಮಣ್ಣುಪಾಲು, ಆ ಅಳುವಿಗೆ ನ್ಯಾಯವಿದೆ.

ಕಂಪ್ಯೂಟರ್ ಆದಮೇಲೆ ಏನು ಎಂಬುದೂ ಚಿತ್ರದಲ್ಲಿರಲಿ. ರಟ್ಟಿನ ಮೇಲೆ ಎರಡು ಚೌಕ, "ಮೊದಲು" ಮತ್ತು "ಆಮೇಲೆ". ಆಮೇಲೆಯ ಚೌಕದಲ್ಲಿ ನೇರವಾಗಿ ಹೋಂವರ್ಕ್ ಅಥವಾ ಸ್ನಾನ ಇಟ್ಟರೆ ಕಂಪ್ಯೂಟರ್ ಬಿಡುವುದಕ್ಕೆ ಯಾವ ಕಾರಣವೂ ಉಳಿಯುವುದಿಲ್ಲ. ನಡುವೆ ಹತ್ತು ನಿಮಿಷದ ಸೇತುವೆ ಬೇಕು: ಉಯ್ಯಾಲೆ, ತಿಂಡಿ, ಆಟದಲ್ಲಿದ್ದ ಪಾತ್ರದ ಚಿತ್ರಕ್ಕೆ ಬಣ್ಣ ತುಂಬುವುದು. ಶೌಚ ಮತ್ತು ನೀರು ಕುಡಿಯುವುದು ಕೂರುವ ಮೊದಲೇ ಆಗಿರಲಿ. ಹಸಿವು, ಮೂತ್ರದ ಒತ್ತಡ ಬೇಗ ಗೊತ್ತಾಗದ ಮಕ್ಕಳು ಇವರಲ್ಲಿ ಕಡಿಮೆಯಿಲ್ಲ. ಆಟ ನಿಂತಾಗ ಅದೆಲ್ಲ ಒಟ್ಟಿಗೆ ನುಗ್ಗುತ್ತದೆ, ನಾವು ಹಟ ಎಂದುಕೊಳ್ಳುತ್ತೇವೆ.

ಯಂತ್ರದ ಬೀಗ

ವಿಂಡೋಸ್ ಕಂಪ್ಯೂಟರಿನಲ್ಲಿ ಎಲ್ಲ ಸೆಟ್ಟಿಂಗ್ ಬದಲಿಸಬಲ್ಲ ಅಡ್ಮಿನ್ ಖಾತೆ ನಿಮ್ಮದಿರಲಿ, ಮಗುವಿಗೆ ಬೇರೆಯೇ ಸ್ಟ್ಯಾಂಡರ್ಡ್ ಖಾತೆ ಮಾಡಿ. ಮಗುವಿನ ಹೆಸರಿನ ಮೈಕ್ರೋಸಾಫ್ಟ್ ಖಾತೆಯನ್ನು ನಿಮ್ಮ ಫ್ಯಾಮಿಲಿ ಗುಂಪಿಗೆ ಸೇರಿಸಿದರೆ, ಫ್ಯಾಮಿಲಿ ಸೇಫ್ಟಿಯಲ್ಲಿ ಒಟ್ಟು ಸಮಯಕ್ಕೂ ಒಂದೊಂದು ಆ್ಯಪ್‌ಗೂ ಮಿತಿ ಇಡಬಹುದು. ಆಂಡ್ರಾಯ್ಡ್‌ಗೆ ಗೂಗಲ್ ಫ್ಯಾಮಿಲಿ ಲಿಂಕ್, ಐಪ್ಯಾಡ್‌ಗೆ ಸ್ಕ್ರೀನ್ ಟೈಮ್. ಐಪ್ಯಾಡಿನ ಗೈಡೆಡ್ ಆ್ಯಕ್ಸೆಸ್ ಇನ್ನೂ ಉಪಯುಕ್ತ: ಆ್ಯಕ್ಸೆಸಿಬಿಲಿಟಿಯಲ್ಲಿ ಆನ್ ಮಾಡಿ, ಆ್ಯಪ್ ತೆರೆದು, ಮೇಲಿನ ಗುಂಡಿ ಅಥವಾ ಹೋಮ್ ಗುಂಡಿಯನ್ನು ಮೂರು ಸಲ ಒತ್ತಿ ಶುರುಮಾಡಿದರೆ ಮಗು ಆ ಒಂದು ಆ್ಯಪ್ ಬಿಟ್ಟು ಹೊರಬರಲಾಗದು; ಅದಕ್ಕೆ ಸಮಯದ ಮಿತಿಯನ್ನೂ ಹಾಕಬಹುದು.

ಬೀಗವನ್ನು ಮನೆಯ ನಿಯಮಕ್ಕಿಂತ ಹತ್ತು ನಿಮಿಷ ತಡವಾಗಿ ಇಡಿ. ಅದು ಆಟದ ನಟ್ಟನಡುವೆ ಬಿದ್ದರೆ ಟೈಮರ್, ಚಿತ್ರ, ಸೇವ್ ಎಲ್ಲದರ ಶ್ರಮ ಹಾಳು. ಎಲ್ಲ ತಪ್ಪಿದ ದಿನಕ್ಕೆ ಮಾತ್ರ ಅದು ಇರಬೇಕು.

ಪಿನ್ ಒತ್ತುವಾಗ ಮಗುವಿಗೆ ಬೆರಳು ಕಾಣಬಾರದು. ಓದಲು ಬಾರದ ಮಗು ಕೂಡ ಬೆರಳು ಓಡಿದ ದಾರಿಯನ್ನು ಒಂದೇ ಸಲ ನೋಡಿ ನೆನಪಿಡಬಲ್ಲದು. ಹುಟ್ಟಿದ ದಿನ, ಗಾಡಿ ನಂಬರ್ ಮೊದಲಾದವು ಬೇಡವೇ ಬೇಡ. ಗಡಿಯಾರ ಹಿಂದಿಟ್ಟು ಮಿತಿ ತಪ್ಪಿಸುವ ಉಪಾಯ ವಿಂಡೋಸ್‌ನ ಸ್ಟ್ಯಾಂಡರ್ಡ್ ಖಾತೆಯಲ್ಲಿ ನಡೆಯುವುದಿಲ್ಲ. ಬೇರೆ ಖಾತೆ ಮಾಡಿಸುವುದಕ್ಕೆ ಇದೂ ಒಂದು ಕಾರಣ.

"ಕಂಪ್ಯೂಟರ್ ಕೆಟ್ಟಿದೆ", "ನೆಟ್ ಹೋಗಿದೆ" ಎಂದು ಸುಳ್ಳು ಹೇಳಿ ಪಾರಾಗಬೇಡಿ. ಮಾತನ್ನು ಇದ್ದಂತೆಯೇ ನಂಬುವ ಮಗು ರಿಪೇರಿ ಯಾವಾಗ ಎಂದು ರಾತ್ರಿಯಿಡೀ ಕೇಳುತ್ತದೆ. ಮರುದಿನ ನೀವೇ ಅದನ್ನು ಆನ್ ಮಾಡಿದ್ದು ಕಂಡರೆ ನಿಮ್ಮ ಟೈಮರಿನ ಮಾತೂ ಹೋಯಿತು. ನಿಜವಾಗಿಯೂ ಕರೆಂಟ್ ಹೋಗುವ ದಿನಕ್ಕೆ "ಇವತ್ತು ಇಲ್ಲ, ಅದರ ಬದಲು ಇದು" ಎಂಬ ಚಿತ್ರ ಮೊದಲೇ ತಯಾರಿರಲಿ, ಎಲ್ಲ ಸರಿಯಿರುವ ದಿನ ಒಂದೆರಡು ಸಲ ಅಭ್ಯಾಸವೂ ಆಗಿರಲಿ. ವಿಂಡೋಸ್ ಅಪ್‌ಡೇಟ್‌ನಲ್ಲಿ ಆ್ಯಕ್ಟಿವ್ ಅವರ್ಸ್ ಹಾಕಿಟ್ಟರೆ ಆಟದ ಹೊತ್ತಿನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದು ತಪ್ಪುತ್ತದೆ. ಅಪ್‌ಡೇಟ್ ಆಗಿ ಐಕಾನ್‌ನ ಬಣ್ಣ ಬದಲಾದದ್ದೇ ಕೆಲವು ಮಕ್ಕಳಿಗೆ ಸಾಕು. ಮೊದಲು ನೀವು ತೆರೆದು ನೋಡಿ, ಆಮೇಲೆ ತೋರಿಸಿ.

ಕಿವಿ, ಕಣ್ಣು, ಕೈ

ಪರದೆಯ ಬೆಳಕನ್ನು ಕೋಣೆಯ ಬೆಳಕಿಗೆ ತಕ್ಕಷ್ಟು ಇಳಿಸಿ. ವಿಂಡೋಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಆನಿಮೇಶನ್ ಎಫೆಕ್ಟ್ಸ್ ಆಫ್ ಮಾಡಿ, ಮೌಸ್‌ನ ಬಾಣ ದೊಡ್ಡದು ಮಾಡಿ. ಶಿಫ್ಟ್ ಕೀಯನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಕಿಟಕಿ ಹಾರಿ ಬರುತ್ತದೆ, ಒಂದೇ ಕೀ ಬಡಿಯುವ ಮಗುವಿಗೆ ಇದು ನಿತ್ಯದ ಕಾಟ. ಆ ಶಾರ್ಟ್‌ಕಟ್ ಅಲ್ಲಿಯೇ ಆಫ್ ಆಗುತ್ತದೆ. ಹೆಡ್‌ಫೋನ್ ಶಬ್ದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾನದಂಡ ಮಕ್ಕಳಿಗೆ ಹೇಳುವ ಮೇಲ್ಮಿತಿ 75 ಡೆಸಿಬೆಲ್ ಶಬ್ದದಲ್ಲಿ ವಾರಕ್ಕೆ 40 ಗಂಟೆ. ಅಪಸ್ಮಾರ ಆಟಿಸಂ ಇರುವವರಲ್ಲಿ ಉಳಿದವರಿಗಿಂತ ಹೆಚ್ಚು, ಮಿಂಚುವ ಬೆಳಕಿಗೆ ಫಿಟ್ಸ್ ಬರುವವರೂ ಕೆಲವರಿದ್ದಾರೆ. ಪಟಪಟ ಮಿನುಗುವ ವಿಡಿಯೊ ನೋಡುವಾಗ ಮಗು ಕಣ್ಣು ನೆಟ್ಟು ಸ್ತಬ್ಧವಾದರೆ ಡಾಕ್ಟರಿಗೆ ಹೇಳಿ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಎಲ್ಲ ಪರದೆಗಳೂ ಆರಲಿ, ಚಾರ್ಜರ್ ಇನ್ನೊಂದು ಕೋಣೆಯಲ್ಲಿರಲಿ.

ಒಂದೇ ಎಂಟು ಸೆಕೆಂಡಿನ ತುಣುಕನ್ನು ನಲವತ್ತು ಸಲ ತಿರುಗಿಸಿ ನೋಡುವುದನ್ನು ತಡೆಯಲು ಓಡಬೇಡಿ. ಹಲವು ಮಕ್ಕಳು ಮನಸ್ಸನ್ನು ತಹಬಂದಿಗೆ ತರುವುದು ಹಾಗೆಯೇ. ವಿಡಿಯೊದ ಮಾತನ್ನೇ ಮನೆಯಲ್ಲಿ ಹೇಳುವುದೂ ಬರೀ ಗಿಳಿಪಾಠವಲ್ಲ. ಆ ಮಾತು ಯಾವ ಸಂದರ್ಭದಲ್ಲಿ ಬಂತೆಂದು ನೋಡಿದರೆ ಮಗು ಏನು ಕೇಳುತ್ತಿದೆ ಎಂಬ ಸುಳಿವು ಸಿಗುತ್ತದೆ. ಊಟ ನಿದ್ದೆ ಬಿಟ್ಟು ಅದರಲ್ಲೇ ಇದ್ದರೆ ಮಾತ್ರ ಟೈಮರಿನ ಕೆಲಸ.

ಒಂದು ವಿಷಯದಲ್ಲಿ ರಾಜಿಯೇ ಇಲ್ಲ. ಮಗು ಟ್ಯಾಬ್ಲೆಟ್‌ನ ಚಿತ್ರ ಒತ್ತಿ ಮಾತಾಡುತ್ತಿದ್ದರೆ, ಆ ಟ್ಯಾಬ್ಲೆಟ್ ಅದರ ಬಾಯಿ. ಶಿಕ್ಷೆಗೆಂದು ಕಸಿಯಬಾರದು, ಸಮಯದ ಮಿತಿಯೊಳಗೂ ತರಬಾರದು. ಆಟಕ್ಕೆ ಬೇರೆಯದೇ ಸಾಧನ ಇರಲಿ. ಆಗದಿದ್ದರೆ ಮಾತಿನ ಆ್ಯಪ್ ಅನ್ನು ಎಲ್ಲ ಮಿತಿಗಳಿಂದ ಹೊರಗಿಡಿ.

ಇಂಟರ್ನೆಟ್ ಆಟಗಳಲ್ಲಿ ಚಾಟ್ ಮುಚ್ಚಿ, ಖಾತೆಯಿಂದ ಕಾರ್ಡ್ ತೆಗೆಯಿರಿ. "ಅಪರಿಚಿತರ ಜೊತೆ ಮಾತಾಡಬೇಡ" ಎಂದರೆ ಸಾಲದು, ಎರಡು ದಿನ ಆಡಿದವನು ಮಗುವಿನ ಲೆಕ್ಕದಲ್ಲಿ ಅಪರಿಚಿತನಲ್ಲ. "ಹೆಸರು, ಶಾಲೆ, ವಿಳಾಸ, ಫೋಟೊ, ಫೋನಿಗೆ ಬಂದ ಅಂಕಿ: ಈ ಐದನ್ನು ಯಾರಿಗೂ ಕೊಡುವುದಿಲ್ಲ" ಎಂದು ಪಟ್ಟಿಯೇ ಬರೆದು ಅಂಟಿಸಿ.

ಕೆಟ್ಟ ದಿನ

ಹೊಸ ನಿಯಮ ಬಂದ ಮೊದಲ ದಿನಗಳಲ್ಲಿ ರಂಪ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಮೊದಲು ಫಲ ಕೊಡುತ್ತಿದ್ದ ಅಳು ಫಲ ಕೊಡದಿದ್ದಾಗ ಮಗು ಅದನ್ನೇ ಇನ್ನಷ್ಟು ಜೋರು ಮಾಡಿ ನೋಡುತ್ತದೆ. ಐದನೆಯ ದಿನ ಸೋತು ಕೊಟ್ಟುಬಿಟ್ಟರೆ, ಅಷ್ಟು ಜೋರಾಗಿ ಅತ್ತರೆ ಸಿಗುತ್ತದೆ ಎಂಬುದನ್ನು ಕಲಿಸಿದಂತಾಯಿತು. ನಡೆಸುವ ಧೈರ್ಯ, ಬಿಡುವು ಎರಡೂ ಇರುವ ವಾರದಲ್ಲೇ ಶುರುಮಾಡಿ; ಅಜ್ಜಿ ಅಜ್ಜ ಸೇರಿ ಮನೆಯವರೆಲ್ಲರೂ ಅದೇ ನಿಯಮ ಹಿಡಿಯಲಿ.

ಬೇಕಾದ್ದಕ್ಕೆ ಹಟ ಹಿಡಿದ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಸಿಕ್ಕ ಕೂಡಲೇ ನಿಲ್ಲಿಸುತ್ತದೆ. ತಡೆದುಕೊಳ್ಳಲಾಗದೆ ಒಡೆದುಹೋದ ಮಗುವಿಗೆ ಕಂಪ್ಯೂಟರ್ ವಾಪಸು ಕೊಟ್ಟರೂ ನಿಲ್ಲಿಸಲಾಗದು. ಆಗ ಬುದ್ಧಿಮಾತು ಬೇಡ. ದೀಪ ತಗ್ಗಿಸಿ, ಟಿವಿ ಆರಿಸಿ, ಪೆಟ್ಟಾಗುವ ವಸ್ತು ಸರಿಸಿ, ಸ್ವಲ್ಪ ದೂರದಲ್ಲಿ ಸುಮ್ಮನೆ ಕೂರಿ.

ಇನ್ನು ಗಂಟೆಗಳ ಲೆಕ್ಕ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎಲ್ಲ ಮಕ್ಕಳಿಗೂ ಹೇಳಿದ ಮಾತು. ದೊಡ್ಡ ಮಕ್ಕಳಲ್ಲಿ ನಿದ್ದೆ, ಊಟ, ಮೈದಣಿವ ಆಟ ಇವು ಉಳಿದಿವೆಯೇ ನೋಡಿ. ಕಡಿಮೆ ಮಾಡಲೇಬೇಕಾದರೆ ವಾರಕ್ಕೆ ಐದು ನಿಮಿಷದಂತೆ ಇಳಿಸಿ. ಎರಡು ಗಂಟೆಯಿಂದ ಒಂದೂವರೆಗೆ ಬರಲು ಆರು ವಾರ. ನಡುವೆ ಮಗು ತಲೆ ಚಚ್ಚಿಕೊಳ್ಳಲು, ಕಚ್ಚಿಕೊಳ್ಳಲು ತೊಡಗಿದರೆ ಇಳಿಸುವುದನ್ನು ನಿಲ್ಲಿಸಿ, ಆ ನಾಲ್ಕು ಕಾಲಂನ ನೋಟ್‌ಬುಕ್ ತೆಗೆದುಕೊಂಡು ಥೆರಪಿಸ್ಟ್ ಬಳಿ ಹೋಗಿ.