ಹೈಡ್ರೋಜನ್ ಘಟಕಕ್ಕೆ ಎಷ್ಟು ನೀರು ಬೇಕು: ನಾನು ಲೆಕ್ಕ ಹಾಕುವ ಬಗೆ

ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡುವಾಗ ಕಿಲೋಗೆ 9 ಲೀಟರ್ ನೀರು ಎಂಬ ಅಂಕಿ ರಸಾಯನಶಾಸ್ತ್ರದ ಮಟ್ಟಿಗೆ ಸರಿ. ಅದನ್ನೇ ನೆಚ್ಚಿಕೊಂಡು ನದಿಯಿಂದಲೋ ಕೊಳವೆಬಾವಿಯಿಂದಲೋ ನೀರೆತ್ತಲು ಅನುಮತಿ ಕೇಳಿದರೆ, ಬೇಕಾದ್ದರಲ್ಲಿ ಮೂರನೇ ಒಂದು ಪಾಲೂ ಸಿಕ್ಕುವುದಿಲ್ಲ.

ನಾನು ಶುದ್ಧ ನೀರಿನಿಂದ ಶುರು ಮಾಡುತ್ತೇನೆ. ಸಣ್ಣಪುಟ್ಟ ನಷ್ಟ ಸೇರಿಸಿ ಕಿಲೋಗೆ 10 ಲೀಟರ್. ಇದರ ವಾಹಕತೆ (ನೀರಲ್ಲಿ ಕರಗಿದ ಲವಣ ಎಷ್ಟಿದೆ ಎಂಬುದರ ಸೂಚನೆ) ಸೆಂಟಿಮೀಟರಿಗೆ 1 ಮೈಕ್ರೊಸೀಮೆನ್ಸ್‌ಗಿಂತ ಕೆಳಗಿರಬೇಕು. ಪಿಇಎಂ ಸ್ಟ್ಯಾಕ್ (ನೀರನ್ನು ಒಡೆಯುವ, ಪಾಲಿಮರ್ ಪೊರೆಯಿರುವ ಕೋಶಗಳ ಜೋಡಣೆ) ಆದರೆ 0.1ರ ಆಸುಪಾಸು, ಇಲ್ಲದಿದ್ದರೆ ಕ್ಯಾಲ್ಸಿಯಂ, ಕಬ್ಬಿಣದ ಅಯಾನುಗಳು ಪೊರೆಯಲ್ಲಿ ಕೂತುಬಿಡುತ್ತವೆ. ಒತ್ತಡ ಹಾಕಿ ಪೊರೆಯ ಮೂಲಕ ನೀರು ಸೋಸುವ ಆರ್‌ಒದಲ್ಲಿ 75% ನೀರು ದಕ್ಕಿ, ಮುಂದಿನ ಹಂತದಲ್ಲೂ ಸ್ವಲ್ಪ ಹೋಗಿ, ಕೊನೆಗೆ ಉಳಿಯುವುದು 70%. ಹಾಗಾಗಿ ಎತ್ತಬೇಕಾದ್ದು 14 ಲೀಟರ್.

ಇಲ್ಲಿ ಕೈಕೊಡುವುದು ಸಿಲಿಕಾ, ಅಂದರೆ ಕಲ್ಲು-ಮರಳಿನಿಂದ ನೀರಿಗೆ ಕರಗಿ ಬರುವ ಖನಿಜ. ಮೂಲ ನೀರಲ್ಲಿ ಲೀಟರಿಗೆ 40 ಮಿಲಿಗ್ರಾಂ ಇದ್ದರೆ ಆರ್‌ಒ ಹೊರಬಿಡುವ ನೀರಲ್ಲಿ ಅದು 160 ಆಗುತ್ತದೆ. 120ರ ಸುಮಾರು ದಾಟಿದರೆ ಆರ್‌ಒ ಪೊರೆಯ ಮೇಲೆ ಗಾಜಿನಂತೆ ಕಟ್ಟುತ್ತದೆ; ಮಾಮೂಲಿ ಆಸಿಡ್ ತೊಳೆತಕ್ಕೆ ಜಗ್ಗುವುದಿಲ್ಲ. ಆಗ 75% ಅನ್ನು 67%ಗೆ ಇಳಿಸದೆ ವಿಧಿಯಿಲ್ಲ, ಎತ್ತುವ ನೀರು ಏರುತ್ತದೆ. ಮಳೆಗಾಲದ ಮಾದರಿಯೊಂದನ್ನೇ ನಂಬಬೇಡಿ, ಕಡುಬೇಸಿಗೆಯದ್ದನ್ನೂ ಪರೀಕ್ಷಿಸಿ.

ನಿಜವಾದ ಕುಡುಕ, ನೀರನ್ನು ಆವಿಯಾಗಿಸಿ ಸ್ಟ್ಯಾಕಿನ ಬಿಸಿ ಕಳೆಯುವ ಕೂಲಿಂಗ್ ಟವರ್. ಕಿಲೋಗೆ 52 ಯೂನಿಟ್ ವಿದ್ಯುತ್ ಹೋದರೆ ಹೈಡ್ರೋಜನ್‌ನಲ್ಲಿ ಉಳಿಯುವುದು 39.4 ಯೂನಿಟ್, ಮಿಕ್ಕ 12.6 ಬಿಸಿಯೇ. ಒಂದು ಲೀಟರ್ ಆವಿಯಾಗಲು ಸುಮಾರು 0.67 ಯೂನಿಟ್ ಬೇಕು. ಬಿಸಿಯಲ್ಲಿ 80% ಆವಿಯ ಮೂಲಕ ಹೋಗುತ್ತದೆಂದು ಹಿಡಿದರೆ 15 ಲೀಟರ್ ಗಾಳಿಗೆ. ಟವರಿನ ನೀರಲ್ಲಿ ಲವಣ ಐದು ಪಟ್ಟು ಗಟ್ಟಿಯಾಗುವವರೆಗೆ ಓಡಿಸಿದರೂ ಬ್ಲೋಡೌನ್, ಅಂದರೆ ಆ ಗಟ್ಟಿ ನೀರನ್ನು ಹೊರಬಿಡುವುದು, ಇನ್ನೂ 4 ಲೀಟರ್. ಮೊದಲಿನ 14 ಸೇರಿ ಒಟ್ಟು 33.

100 ಮೆಗಾವ್ಯಾಟ್ ಘಟಕ ದಿನವಿಡೀ ಓಡಿದರೆ 46 ಟನ್ ಹೈಡ್ರೋಜನ್, 15 ಲಕ್ಷ ಲೀಟರ್ ನೀರು. ತಲೆಗೆ 100 ಲೀಟರಿನಂತೆ 15 ಸಾವಿರ ಜನರ ಒಂದು ದಿನದ ಪಾಲು.

ಹೆಚ್ಚಿನವರು ಮರೆಯುವ ಸಂಗತಿ: ಸ್ಟ್ಯಾಕ್ ಹಳತಾಗುತ್ತ 52 ಯೂನಿಟ್ 57 ಆದರೆ ಬಿಸಿ 40% ಏರುತ್ತದೆ, ಟವರಿನ ದಾಹವೂ ಅಷ್ಟೇ. ಅನುಮತಿ ಕೇಳುವಾಗ ಹಳೆಯ ಸ್ಟ್ಯಾಕಿನ ಅಂಕಿಯನ್ನೇ ಹಾಕುತ್ತೇನೆ. ಅದನ್ನು ತೂಗಿ ನೋಡುವುದು ವರ್ಷದ ಸರಾಸರಿ ಹರಿವಿನೊಂದಿಗಲ್ಲ, ಅತಿ ಒಣ ತಿಂಗಳ ಹರಿವಿನೊಂದಿಗೆ. ಸೌರ ವಿದ್ಯುತ್ತಿನ ಘಟಕಗಳು ಭರದಿಂದ ಓಡುವುದು ಬಿಸಿಲಲ್ಲಿ, ಹೊಳೆ ಬತ್ತುವುದೂ ಆಗಲೇ.

ನೀರಿಗೆ ತತ್ವಾರವಿದ್ದರೆ ಗಾಳಿಯಿಂದ ತಣಿಸುವ ಡ್ರೈ ಕೂಲರ್ ಹಾಕಿಸಿ. ಸ್ಟ್ಯಾಕ್ 60ರಿಂದ 80 ಡಿಗ್ರಿಯಲ್ಲಿ ಓಡುವುದರಿಂದ 40 ಡಿಗ್ರಿ ಬಿಸಿಲಲ್ಲೂ ಅದು ಸಾಕಾಗುತ್ತದೆ. ಜಾಗ, ಫ್ಯಾನಿನ ವಿದ್ಯುತ್ ಮಾತ್ರ ಹೆಚ್ಚು.

ಕಡಲ ದಂಡೆಯಲ್ಲಿ ಉಪ್ಪು ತೆಗೆಯುವ ಖರ್ಚು ಗಣನೆಗೇ ಬರುವುದಿಲ್ಲ: ಸಾವಿರ ಲೀಟರಿಗೆ 3–4 ಯೂನಿಟ್, ಅಂದರೆ ಕಿಲೋ ಹೈಡ್ರೋಜನ್‌ಗೆ 0.1ರ ಸುಮಾರು. ತಕರಾರಿರುವುದು ಹೊರಬಿಡುವ, ಸುಮಾರು ಎರಡು ಪಟ್ಟು ಉಪ್ಪಿನ ನೀರಿನದು. ಬಿಡುವ ಕೊಳವೆ ಎಳೆಯುವ ಕೊಳವೆಯ ಹತ್ತಿರವಿದ್ದರೆ ಬಿಟ್ಟದ್ದೇ ಮತ್ತೆ ಒಳಗೆ ಬರುತ್ತದೆ, ಪಂಪಿನ ಒತ್ತಡ ಏರುತ್ತ ಹೋಗುತ್ತದೆ.