ಮಳೆ ಜೋರಾದಾಗ ಮಗು ಕೇಳುವ ಪ್ರಶ್ನೆ

ನಮ್ಮದು ಮಡಿಕೇರಿ ಪಕ್ಕದ ತೋಟದ ಮನೆ. ಹಿಂದಿನ ಕೋಣೆಗೆ ಶೀಟ್ ಹೊದೆಸಿದ್ದೇವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜಾರಿದಾಗ ಮಗಳಿಗೆ ಆರು ವರ್ಷ. ನಮ್ಮ ಮನೆಗೇನೂ ಆಗಲಿಲ್ಲ. ಆದರೆ ಶೀಟಿನ ಮೇಲೆ ಮಳೆ ಬಡಿದರೆ ಸಾಕು, ಎದ್ದು ಕೂರುತ್ತಿದ್ದಳು. "ಅಮ್ಮಾ, ನಮ್ಮ ಗುಡ್ಡಾನೂ ಬರುತ್ತಾ?" "ಏನೂ ಆಗಲ್ಲ, ಸುಮ್ನೆ ಮಲಗು" ಅನ್ನುತ್ತಿದ್ದೆ. ಒಂದು ವಾರದ ನಂತರ ಅವಳು ಕೇಳುವುದನ್ನೇ ಬಿಟ್ಟಳು. ಹಾಸಿಗೆ ಒದ್ದೆಯಾಗಲು ಶುರುವಾಯಿತು.

ಬಾಯಿ ಮುಚ್ಚಿಸಿದರೆ ಹೆದರಿಕೆ ಹೋಗುವುದಿಲ್ಲ, ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಇದನ್ನು ನಾನು ತಡವಾಗಿ ಕಲಿತೆ. ನೀವು ಮೊದಲೇ ಕಲಿಯಬಹುದು.

ಮೊದಲು ಗುರುತಿಸಿ

ಮಕ್ಕಳು "ನನಗೆ ಆತಂಕ" ಅಂತ ಹೇಳುವುದಿಲ್ಲ. "ಹೊಟ್ಟೆ ನೋವು", "ಒಂಥರಾ ಆಗ್ತಿದೆ" ಅನ್ನುತ್ತಾರೆ. ಚಿಕ್ಕವರು ಸೆರಗು ಬಿಡುವುದಿಲ್ಲ, ಬಿಟ್ಟಿದ್ದ ಹೆಬ್ಬೆರಳು ಮತ್ತೆ ಬಾಯಿಗೆ ಹೋಗುತ್ತದೆ. ಶಾಲೆಗೆ ಹೋಗುವವರು ಸಣ್ಣದಕ್ಕೂ ಸಿಡುಕುತ್ತಾರೆ. ದೊಡ್ಡ ಮಕ್ಕಳು ಬಾಗಿಲು ಹಾಕಿಕೊಂಡು ಫೋನ್ ಹಿಡಿಯುತ್ತಾರೆ. ಮಳೆ ರಜೆ ಸಿಕ್ಕಿತು ಅಂತ ಕುಣಿಯುವ ಮಗು ಹೆದರಿಲ್ಲ ಅಂತೇನೂ ಅಲ್ಲ.

ಆ ಭಾವನೆಗೆ ಒಂದು ಹೆಸರು ಕೊಡಿ. "ಹೆದರಿಕೆನಾ, ಬೇಜಾರಾ, ಕೋಪಾನಾ?" ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವವರು ಅದರಲ್ಲೇ ಕೇಳಿ. ಅಳು ಬರುವುದು ಮನೆಮಾತಿನಲ್ಲೇ ಅಲ್ವಾ?

ಉತ್ತರ ಚಿಕ್ಕದಿರಲಿ, ನಿಜವಿರಲಿ

"ಯಾವತ್ತೂ ಏನೂ ಆಗಲ್ಲ" ಅಂತ ಮಾತು ಕೊಡಬೇಡಿ. 2018 ಆಯಿತು, 2019ರಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು, 2020ರಲ್ಲಿ ತಲಕಾವೇರಿಯಲ್ಲಿ. ಶಾಲೆಯಲ್ಲಿ ಮಕ್ಕಳು ಇದನ್ನೆಲ್ಲ ಮಾತಾಡಿಕೊಳ್ಳುತ್ತಾರೆ. ನೀವು ಹೇಳಿದ್ದು ಸುಳ್ಳು ಅಂತ ಗೊತ್ತಾದರೆ ಮುಂದಿನ ಸಲ ಕೇಳುವುದೇ ಇಲ್ಲ. ನಾನು ಕೊನೆಗೆ ಹೇಳಿದ್ದು ಇಷ್ಟು: "ಜೋರು ಮಳೆ ಬಂದ್ರೆ ಕೆಲವು ಕಡೆ ಮಣ್ಣು ಜಾರುತ್ತೆ. ನಾವು ದಿನಾ ನೋಡ್ತಾ ಇರ್ತೀವಿ. ಹೊರಡು ಅಂದ್ರೆ ಎಲ್ಲರೂ ಒಟ್ಟಿಗೆ ದೊಡ್ಡಮ್ಮನ ಮನೆಗೆ ಹೋಗ್ತೀವಿ." "ನಾಯಿ?" ಅಂದಳು. "ಅದೂ." ಅವತ್ತು ನಿದ್ದೆ ಬಂತು.

ಸಾವಿನ ವಿಷಯದಲ್ಲೂ ಹೀಗೇ. "ಅಜ್ಜ ಮಲಗಿದ್ದಾರೆ" ಅಂದರೆ ಮಗು ತಾನು ಮಲಗಲು ಹೆದರಬಹುದು. "ಸತ್ತುಹೋದರು, ಇನ್ನು ಬರುವುದಿಲ್ಲ" ಅನ್ನಿ. ಹೇಳುವಾಗ ನಿಮಗೆ ಅಳು ಬಂದರೆ ಬರಲಿ. "ನಿನ್ನಿಂದ ಆಗಿದ್ದಲ್ಲ" ಅಂತ ಕೇಳದಿದ್ದರೂ ಹೇಳಿ. ಚಿಕ್ಕ ಮಕ್ಕಳು ತಾವು ಬೈದಿದ್ದಕ್ಕೇ, ಹಟ ಮಾಡಿದ್ದಕ್ಕೇ ಹೀಗಾಯಿತು ಅಂದುಕೊಳ್ಳುವುದುಂಟು.

ಗುಡ್ಡ ಕುಸಿಯುವ ವಿಡಿಯೊಗಳನ್ನು ಮಗುವಿನ ಮುಂದೆ ನೋಡಬೇಡಿ. ಒಂದೇ ದೃಶ್ಯ ಹತ್ತು ಸಲ ಬಂದರೆ ಪುಟ್ಟ ಮಗುವಿಗೆ ಹತ್ತು ಗುಡ್ಡ ಬಿದ್ದ ಹಾಗೆ.

ಆಟ ನಿಲ್ಲಿಸಬೇಡಿ

ಆ ವರ್ಷ ಮಳೆ ಬಿಟ್ಟ ಮೇಲೆ ಮಗಳು ಅಂಗಳದಲ್ಲಿ ಮಣ್ಣಿನ ಗುಡ್ಡ ಕಟ್ಟಿದಳು. ಮೇಲೆ ಕಾಫಿ ಹಣ್ಣುಗಳನ್ನು ಸಾಲಾಗಿ ಇಟ್ಟಳು, ಅವೆಲ್ಲ ಮನೆಗಳು. ಆಮೇಲೆ ಚೊಂಬಿನಿಂದ ನೀರು ಸುರಿದಳು. ಹಣ್ಣುಗಳು ಉರುಳಿದವು. ಮತ್ತೆ ಕಟ್ಟಿದಳು, ಮತ್ತೆ ಸುರಿದಳು. ನನಗೆ ನೋಡಲಾಗಲಿಲ್ಲ, ಚೊಂಬು ಕಿತ್ತುಕೊಂಡೆ. ಅದು ತಪ್ಪು. ನಡೆದದ್ದನ್ನು ಮಕ್ಕಳು ಆಟದಲ್ಲೇ ಅರಗಿಸಿಕೊಳ್ಳುತ್ತಾರೆ. ಮರುದಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. "ಆಮೇಲೆ ಏನಾಯ್ತು?" ಅಂತ ಮಾತ್ರ ಕೇಳಿದೆ. ಬೆಂಕಿಪೊಟ್ಟಣ ತಂದು "ಇದು ಜೀಪು" ಅಂದಳು. ಹಣ್ಣುಗಳನ್ನೆಲ್ಲ ಅದರಲ್ಲಿ ತುಂಬಿ ಮೆಟ್ಟಿಲ ಮೇಲೆ ಇಟ್ಟಳು. ಆಟ ಎಷ್ಟು ದಿನವಾದರೂ ಬರೀ ಕುಸಿತದಲ್ಲೇ ನಿಂತರೆ, "ಜೀಪು ಬಂದ್ರೆ?" ಅಂತ ನೀವೇ ಕೇಳಿ ನೋಡಬಹುದು.

ರಾತ್ರಿ ಎದೆ ಬಡಿದುಕೊಂಡರೆ

ಮಗುವನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಗೊಂಬೆ ಇಡಿ. ಗೊಂಬೆ ಮೇಲೆ ಏರುವಂತೆ ಉಸಿರು ಎಳೆಯಲಿ, ಮೂರು ಎಣಿಸುವಷ್ಟು. ಬಿಡುವುದು ಇನ್ನೂ ನಿಧಾನ. ಹಗಲಲ್ಲೇ ಅಭ್ಯಾಸ ಮಾಡಿಸಿ. ಹೆದರಿದಾಗ ಹೊಸದು ಯಾರ ತಲೆಗೂ ಹೋಗುವುದಿಲ್ಲ.

ದಿನಚರಿ ಮತ್ತು ಒಂದು ಕೆಲಸ

ಊಟ, ಸ್ನಾನ, ನಿದ್ದೆ ಆದಷ್ಟೂ ಅದೇ ಹೊತ್ತಿಗೆ ಇರಲಿ, ನೆಂಟರ ಮನೆಯಲ್ಲಿದ್ದರೂ. ಕಕ್ಕಡ ಹದಿನೆಂಟರ (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ ಮೊದಲ ವಾರ) ಮದ್ದು ಸೊಪ್ಪಿನ ಪಾಯಸ ತಪ್ಪಿಸಬೇಡಿ. ಮರುದಿನ ಮೂತ್ರ ಕೆಂಪಾಯಿತು ಅಂತ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಆಗಸ್ಟ್ ಅಂದರೆ ಅವರಿಗೆ ಅದೂ ನೆನಪಿರಲಿ. ಹೊರಡುವ ಚೀಲ ಕಟ್ಟುವಾಗ ಟಾರ್ಚ್ ಸೆಲ್ ನೋಡುವ ಕೆಲಸ ಮಗುವಿಗೆ ಬಿಡಿ.

ಹೆದರಿದ ಜಾಗಕ್ಕೆ ಮೆಲ್ಲಗೆ ವಾಪಸ್

ಕೊಡಗಿನ ಸಿದ್ದಾಪುರದ ಕಡೆ ಶಾಲೆಯ ದಾರಿಯಲ್ಲಿ ಆನೆ ಕಂಡ ಮಗು ಮರುದಿನ ಹೊರಡುವುದೇ ಇಲ್ಲ. ಪೂರ್ತಿ ಬಿಡಿಸಿದರೆ ಹೆದರಿಕೆ ಬೆಳೆಯುತ್ತದೆ, ಎಳೆದೊಯ್ದರೂ ಬೆಳೆಯುತ್ತದೆ. ಮೊದಲ ದಿನ ಗೇಟಿನ ತನಕ. ಆಮೇಲೆ ತಿರುವಿನ ತನಕ. ಆಮೇಲೆ ಜೀಪಿನಲ್ಲಿ, ಜೊತೆಗೆ ದೊಡ್ಡವರು. ಆನೆ ಇದೆ ಅಂತ ಸುದ್ದಿ ಇದ್ದ ದಿನ ಮಾತ್ರ ಹೋಗದಿರುವುದೇ ಬುದ್ಧಿವಂತಿಕೆ, ಅದನ್ನೂ ಹೇಳಿ.

ಯಾವಾಗ ಸಹಾಯ ಕೇಳಬೇಕು?

ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ತಿಂಗಳು ಕಳೆದರೂ ನಿದ್ದೆ, ಊಟ, ಶಾಲೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಎರಡನ್ನೂ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ನಿಮ್ಮ ಫೋನ್ ಸತ್ತರೂ, ಪಕ್ಕದ ಮನೆಯಿಂದ ಮಾಡಬಹುದು.