ಓಲೆ ಹಾಕಿದರೆ ಕಿವಿ ಯಾಕೆ ತುರಿಸುತ್ತದೆ? ಎರಡು ಅಕ್ಷರ ಹುಡುಕಿ ನೋಡಿ

ಜಾತ್ರೆಯಲ್ಲಿ ಕೊಂಡ ಓಲೆ ಹಾಕಿದ ಮರುದಿನವೇ ನನ್ನ ತಂಗಿಯ ಕಿವಿಹಾಲೆ ಕೆಂಪಾಗುತ್ತದೆ. ನವೆ ತಡೆಯಲಾಗದೆ ರಾತ್ರಿಯೆಲ್ಲ ಎದ್ದು ಕೂರುತ್ತಾಳೆ. ಇಂಥ ಅಗ್ಗದ ಒಡವೆಗಳಲ್ಲಿರುವ ನಿಕಲ್ ಎಂಬ ಲೋಹ ಬೆವರಿಗೆ ಸ್ವಲ್ಪ ಸ್ವಲ್ಪ ಕರಗಿ ಚರ್ಮದೊಳಗೆ ಇಳಿಯುತ್ತದೆ. ಅಲ್ಲಿ ಅದು ಹೋಗಿ ಅಂಟಿಕೊಳ್ಳುವುದು ರೋಗನಿರೋಧಕ ಕೋಶಗಳ ಮೇಲಿರುವ ಟಿಎಲ್‌ಆರ್4 ಎಂಬ ಪ್ರೋಟೀನಿಗೆ. ಅದನ್ನು ಮಾಡಿಸುವ ಜೀನ್‌ಗೂ ಅದೇ ಹೆಸರು, ಇರುವುದು 9ನೇ ಕ್ರೋಮೋಸೋಮ್‌ನಲ್ಲಿ.

ಈ ಪ್ರೋಟೀನಿನ ಅಸಲಿ ಕೆಲಸ ಬೇರೆ. ಇ. ಕೋಲಿಯಂಥ ಬ್ಯಾಕ್ಟೀರಿಯಾಗಳ ಹೊರಪದರದಲ್ಲಿರುವ ಕೊಬ್ಬು-ಸಕ್ಕರೆಯ ವಸ್ತುವನ್ನು ಗುರುತಿಸಿ ಕೋಶವನ್ನು ಎಚ್ಚರಿಸಬೇಕು. ಇದನ್ನು 1998ರಲ್ಲಿ ಇಲಿಗಳಲ್ಲಿ ತೋರಿಸಿದ ವಿಜ್ಞಾನಿ ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್‌ನಲ್ಲಿ ಪಾಲು ಪಡೆದರು.

ನಿಕಲ್ ಹಿಡಿಯುವ ಜಾಗವನ್ನು ನೀವೇ ನೋಡಬಹುದು. ದುಡ್ಡು ಬೇಡ, ಲಾಗಿನ್ ಬೇಡ. ಕಂಪ್ಯೂಟರ್ ಇದ್ದರೆ ಒಳ್ಳೆಯದು, ಮೊಬೈಲ್‌ನಲ್ಲಿ ಅಕ್ಷರ ಎಣಿಸುವುದು ಕಣ್ಣಿಗೆ ಕಷ್ಟ.

ಮೊದಲು ಪ್ರೋಟೀನುಗಳ ವಿವರ ಕೂಡಿಟ್ಟಿರುವ ಯೂನಿಪ್ರಾಟ್ ತಾಣ ತೆರೆಯಿರಿ. ಟಿಎಲ್‌ಆರ್4 ಹ್ಯೂಮನ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಒಂದಷ್ಟು ಹೆಸರು ಬರುತ್ತವೆ, ಗಾಬರಿ ಬೇಡ. ಓ00206 ಎಂಬ ನಂಬರ್ ಇರುವುದನ್ನೇ ಒತ್ತಿ. ತಜ್ಞರು ಕೂತು ಪರಿಶೀಲಿಸಿದ ಪುಟ ಅದು.

ಆಮೇಲೆ ಸೀಕ್ವೆನ್ಸ್ ಭಾಗಕ್ಕೆ ಇಳಿಯಿರಿ. ಒಟ್ಟು 839 ಅಕ್ಷರ, ಹತ್ತು ಹತ್ತರ ಗುಂಪು. ಒಂದೊಂದು ಅಕ್ಷರವೂ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಒಂದು ಇಟ್ಟಿಗೆ. 460 ಎಂದು ಬರೆದಿರುವ ಗುಂಪಿಗೆ ಬನ್ನಿ. ನಿಧಾನವಾಗಿ ಓದಿ: ವೈ, ಎಲ್, ಡಿ, ಐ, ಎಸ್, ಎಚ್, ಟಿ, ಎಚ್, ಟಿ, ಆರ್. ಆರನೆಯದು ಮತ್ತು ಎಂಟನೆಯದು ಎಚ್, ಅಲ್ವಾ? ಅಂದರೆ 456 ಮತ್ತು 458ನೇ ಜಾಗದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ. ಲೋಹ ಕಂಡರೆ ಹಿಡಿದುಕೊಳ್ಳುವ ಗುಣ ಅದಕ್ಕಿದೆ. ಮೊದಲ ಸಲ ಆ ಎರಡು ಎಚ್ ಕಣ್ಣಿಗೆ ಬಿದ್ದಾಗ ತಂಗಿಯನ್ನು ಕರೆದು ಪರದೆ ಮೇಲೆ ಬೆರಳಿಟ್ಟು ತೋರಿಸಿದ್ದೆ.

ಈಗ ಇಲಿಯ (ಇಂಗ್ಲಿಷಿನಲ್ಲಿ ಮೌಸ್) ಟಿಎಲ್‌ಆರ್4 ಹುಡುಕಿ. ಎರಡನ್ನೂ ಆಯ್ದು ಅಲೈನ್ ಒತ್ತಿ, ಸ್ವಲ್ಪ ಕಾಯಿರಿ. ಒಂದರ ಕೆಳಗೊಂದು ಸಾಲು ಬರುತ್ತದೆ. ಅದೇ ಜಾಗ ನೋಡಿ: ಇಲಿಯಲ್ಲಿ ಆ ಎರಡೂ ಎಚ್ ಇಲ್ಲ. ಬ್ಯಾಕ್ಟೀರಿಯಾ ಗುರುತಿಸಲು ಅವು ಬೇಕಿಲ್ಲ, ನಿಕಲ್‌ಗೆ ಮಾತ್ರ ಬೇಕು ಎಂದು 2010ರಲ್ಲಿ ಜರ್ಮನಿಯ ಸಂಶೋಧಕರು ಕಂಡುಕೊಂಡರು.

ಒಂದು ಮಾತು ನೆನಪಿರಲಿ. ಇದು ನಿಮ್ಮ ಸ್ವಂತ ಜೀನ್‌ನ ವರದಿಯಲ್ಲ, ಮನುಷ್ಯರ ಮಾದರಿ ಸಾಲು. ಆ ಎಚ್ ಇದ್ದ ಮಾತ್ರಕ್ಕೆ ಎಲ್ಲರಿಗೂ ಅಲರ್ಜಿ ಬರುವುದಿಲ್ಲ. ನಿಕಲ್ ಚರ್ಮಕ್ಕೆ ಸೋಕಿ ಸೋಕಿ ಟಿ ಕೋಶಗಳು ಎಂಬ ರೋಗನಿರೋಧಕ ಕೋಶಗಳು ಅದನ್ನು ಶತ್ರು ಎಂದು ಕಲಿತುಕೊಳ್ಳಬೇಕು. ಒಮ್ಮೆ ಕಲಿತರೆ ಸಾಮಾನ್ಯವಾಗಿ ಮರೆಯುವುದಿಲ್ಲ. ಹಾಗಾಗಿ ಕಿವಿ ತುರಿಸಿದ ಓಲೆಯನ್ನು ಇನ್ನೊಮ್ಮೆ ಹಾಕಿ ನೋಡೋಣ ಅನ್ನಬೇಡಿ, ತೆಗೆದಿಡಿ.

ಅದೇ ಜರ್ಮನಿಯ ತಂಡ ಇನ್ನೊಂದು ಪ್ರಯೋಗವನ್ನೂ ಮಾಡಿತ್ತು. ಸ್ವಂತ ಟಿಎಲ್‌ಆರ್4 ಇಲ್ಲದ ಇಲಿಗಳಿಗೆ ಮನುಷ್ಯರ ಜೀನ್ ಕೊಟ್ಟರು. ಆಗ ಆ ಇಲಿಗಳಿಗೂ ನಿಕಲ್ ಅಲರ್ಜಿ ಬಂತು.